ಬಿಡದ ಕವಚಕ್ಕೆ ಸುತ್ತಿಗೆಯೇ ಮದ್ದೆ?

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯ ಬದಿಯ ಒಂದು ದುರಸ್ತಿ ಅಂಗಡಿಯಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯಿದು. ಮೊದಲ ಮಳೆಗಳು ಬಿದ್ದು ಹೊಗೆಸೊಪ್ಪಿನ ಸಸಿ ನೆಡುವ ಸಮಯ. ರೈತರೊಬ್ಬರ ಟ್ರಾಕ್ಟರಿನ ಕ್ಲಚ್ಚು ಸವೆದುಹೋಗಿತ್ತು. ಅದನ್ನು ಬದಲಾಯಿಸಲು ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಬೇರ್ಪಡಿಸಬೇಕು. ಆದರೆ ಇವೆರಡರ ನಡುವಣ ಕವಚವು ಬಿಡಲೊಲ್ಲದು. ಕೆಲಸದ ಹುಡುಗನು ಸಂದಿಗೆ ಉಳಿಯನ್ನಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದನು. ಮೂರನೆಯ ಏಟಿಗೆ ಕವಚದ ಒಂದು ಕಿವಿಯು ಮುರಿದು ಕೆಳಗೆ ಬಿತ್ತು. ಅನಂತರ ನೋಡಿದರೆ ಸ್ಟಾರ್ಟರ್ ಮೋಟಾರಿನ ಹಿಂದೆ, ಮಣ್ಣು ಗ್ರೀಸುಗಳ ಅಡಿಯಲ್ಲಿ, ಬೋಲ್ಟೊಂದು ಇನ್ನೂ ಭದ್ರವಾಗಿ ಕುಳಿತಿತ್ತು! ರೈತರು ಏನೂ ಹೇಳಲಿಲ್ಲ. ಮೋಡ ಕವಿದ ಆಕಾಶವನ್ನೊಮ್ಮೆ ನೋಡಿದರು.

ಹುಡುಗನನ್ನು ಬೈಯಲು ನಮಗೆ ಮನಸ್ಸಾಗಲಿಲ್ಲ. ತರಗತಿಯಲ್ಲಿ ವರ್ಷವರ್ಷವೂ ಘರ್ಷಣೆಯ ನಿಯಮಗಳನ್ನು ಬೋಧಿಸುವ ನಾವೂ ಅಲ್ಲಿಯೇ ನಿಂತಿದ್ದೆವು. ಬೋಲ್ಟುಗಳೆಲ್ಲವೂ ಬಂದಿವೆಯೆ ಎಂಬ ಒಂದು ಮಾತನ್ನು ನಾವೂ ಕೇಳಲಿಲ್ಲ. ನಮ್ಮ ಭೌತವಿಜ್ಞಾನವು ಕಪ್ಪುಹಲಗೆಯಿಂದ ಇಳಿದು ಬರದಿರುವ ತನಕ ಇಂತಹ ಕಿವಿಗಳು ಮುರಿಯುತ್ತಲೇ ಇರುತ್ತವೆ ಎಂಬುದು ನಮ್ಮ ಅಭಿಪ್ರಾಯ. ಅದನ್ನೇ ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ಕ್ಲಚ್ಚಿನ ತಟ್ಟೆಗಳನ್ನು ಮುಚ್ಚಿಕೊಂಡಿರುವ ಈ ಕವಚವು ಗಂಟೆಯ ಆಕಾರದಲ್ಲಿರುವುದರಿಂದ ಅದಕ್ಕೆ ಬೆಲ್ ಹೌಸಿಂಗ್ ಎಂದು ಹೆಸರು. ಸ್ಪೋರ್ಟ್ಸ್ ಕಾರಿನಲ್ಲಾದರೆ ಇದು ಸಾಮಾನ್ಯವಾಗಿ ಹಗುರವಾದ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಟ್ರಾಕ್ಟರಿನಲ್ಲಿ ಎರಕದ ಕಬ್ಬಿಣದ್ದು. ಬಹುಮಟ್ಟಿನ ಟ್ರಾಕ್ಟರುಗಳಿಗೆ ಕಾರಿನಂತೆ ಬೇರೆ ಚೌಕಟ್ಟಿಲ್ಲ. ಎಂಜಿನ್ನು, ಕವಚ, ಗೇರುಪೆಟ್ಟಿಗೆಗಳೇ ಅವುಗಳ ಬೆನ್ನೆಲುಬು. ಆದಕಾರಣ ಕ್ಲಚ್ಚು ಬದಲಿಸುವುದೆಂದರೆ ಟ್ರಾಕ್ಟರನ್ನೇ ನಡುವೆ ಎರಡು ಹೋಳು ಮಾಡುವುದು. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ಗದ್ದೆಯ ಕೆಸರು ತುಳಿಸುವಾಗ ಅರ್ಧ ಕ್ಲಚ್ಚಿನಲ್ಲಿಯೇ ಗಾಡಿ ಓಡಿಸುವ ಅಭ್ಯಾಸವಿದ್ದರೆ ಈ ಶಸ್ತ್ರಚಿಕಿತ್ಸೆಯು ಬೇಗನೆ ಒದಗಿಬರುತ್ತದೆ.

ಬೋಲ್ಟುಗಳು ಕವಚವನ್ನು ಒತ್ತಿ ಹಿಡಿಯುತ್ತವೆ. ಅದು ಕೂದಲೆಳೆಯಷ್ಟೂ ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಡೋವೆಲ್ ಎಂಬ ಎರಡು ಉಕ್ಕಿನ ಗೂಟಗಳದು. ಎಂಜಿನ್ನಿನ ದಂಡವೂ ಗೇರುಪೆಟ್ಟಿಗೆಯ ದಂಡವೂ ಒಂದೇ ರೇಖೆಯಲ್ಲಿ ತಿರುಗಬೇಕಾದ ಕಾರಣ ಈ ಗೂಟಗಳು ತಮ್ಮ ರಂಧ್ರಗಳಲ್ಲಿ ಬಹಳ ಬಿಗಿಯಾಗಿ ಕೂರುತ್ತವೆ. ಬೋಲ್ಟುಗಳೆಲ್ಲ ಬಂದ ಮೇಲೂ ಕವಚವು ಬಿಡದಿದ್ದರೆ ಅದನ್ನು ಹಿಡಿದಿರುವುದು ಪ್ರಾಯಶಃ ಇವೇ.

ಈಗ ಒಂದು ಸಣ್ಣ ಲೆಕ್ಕ. ಗೂಟವು ರಂಧ್ರದೊಳಗೆ 10 ಮಿಲಿಮೀಟರ್ ಆಳ ಕುಳಿತಿದೆಯೆಂದೂ ಸಡಿಲವು 0.02 ಮಿಲಿಮೀಟರ್ ಎಂದೂ ಎರಡು ಗೂಟಗಳ ಅಂತರವು 400 ಮಿಲಿಮೀಟರ್ ಎಂದೂ ಇಟ್ಟುಕೊಳ್ಳೋಣ. ಆಗ ಕವಚವು ಓರೆಯಾಗಬಹುದಾದ ಕೋನ 0.02 ಭಾಗ 10, ಅಂದರೆ 0.002 ರೇಡಿಯನ್. ಇದನ್ನು 400ರಿಂದ ಗುಣಿಸಿದರೆ ಬರುವುದು 0.8 ಮಿಲಿಮೀಟರ್. ಒಂದು ಬದಿಯನ್ನು ಇದಕ್ಕಿಂತ ಹೆಚ್ಚು ತೆರೆದು ಮತ್ತೊಂದು ಬದಿಯನ್ನು ಹಾಗೆಯೇ ಬಿಟ್ಟರೆ ಗೂಟವು ರಂಧ್ರದ ಗೋಡೆಯನ್ನು ಕಚ್ಚುತ್ತದೆ. ಎಳೆದಷ್ಟೂ ಒತ್ತು ಹೆಚ್ಚುತ್ತದೆ. ಒತ್ತು ಹೆಚ್ಚಿದಷ್ಟೂ ಘರ್ಷಣೆಯೂ ಹೆಚ್ಚುತ್ತದೆ. ಅಜ್ಜಿಯ ಕಾಲದ ಮೇಜಿನ ಸೆಳೆಖಾನೆಯನ್ನು ಒಂದೇ ಮೂಲೆ ಹಿಡಿದು ಎಳೆದವರಿಗೆ ಈ ಅನುಭವ ಹೊಸದಲ್ಲ. ಅನುಭವಸ್ಥ ಮೇಸ್ತ್ರಿಯು ಎಡಕ್ಕೆ ಅರ್ಧ ಮಿಲಿಮೀಟರ್, ಬಲಕ್ಕೆ ಅರ್ಧ ಮಿಲಿಮೀಟರ್ ಎಂದು ಸರದಿಯಲ್ಲಿ ಬಿಡಿಸುತ್ತಾನೆ. ಲೆಕ್ಕವನ್ನು ಅವನು ಕೈಯಿಂದ ಮಾಡಿರುತ್ತಾನೆ.

ತುಕ್ಕು ಹಿಡಿದಿದ್ದರೆ ಕಷ್ಟ ಇಮ್ಮಡಿ. ಕಬ್ಬಿಣವು ತುಕ್ಕಾದಾಗ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಇದ್ದ ಅಲ್ಪ ಸಡಿಲವೂ ತುಂಬಿಹೋಗುತ್ತದೆ. ತೆಳುವಾದ ಎಣ್ಣೆಯನ್ನು ಬಿಟ್ಟರೆ ಅದು ಲೋಮನಾಳಕ್ರಿಯೆಯಿಂದ ಒಳಸೇರುತ್ತದೆ. ಆದರೆ ಸಂದಿಯು ಕಿರಿದಾದಷ್ಟೂ ಎಣ್ಣೆಯ ಹರಿವು ನಿಧಾನ. ಎಣ್ಣೆ ಬಿಟ್ಟು ಐದು ನಿಮಿಷಕ್ಕೇ ಸುತ್ತಿಗೆ ಎತ್ತುವವರು ಎಣ್ಣೆಯನ್ನು ವ್ಯರ್ಥಮಾಡುತ್ತಾರೆ. ಒಂದು ರಾತ್ರಿ ಬಿಡಬೇಕು.

ಕಾಯಿಸಿದರೆ? ಇಲ್ಲಿ ಲೋಹವನ್ನು ನೋಡದೆ ಉತ್ತರ ಹೇಳಲಾಗದು. ಒಂದು ಡಿಗ್ರಿ ಸೆಂಟಿಗ್ರೇಡಿಗೆ ಅಲ್ಯೂಮಿನಿಯಮ್ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ, ಉಕ್ಕು ಸುಮಾರು 12 ಭಾಗ. ಕಾರಿನ ಕವಚದ ಮೇಲೆ ಕುದಿನೀರು ಸುರಿದು 60 ಡಿಗ್ರಿ ಏರಿಸಿದರೆ, ಗೂಟವೂ ಅಷ್ಟೇ ಬಿಸಿಯಾದರೂ, 16 ಮಿಲಿಮೀಟರ್ ವ್ಯಾಸದ ರಂಧ್ರವು ಗೂಟಕ್ಕಿಂತ 0.01 ಮಿಲಿಮೀಟರಿನಷ್ಟು ಹೆಚ್ಚಾಗಿ ಹಿಗ್ಗುವುದು. ಅಲ್ಪವೆನ್ನಬೇಡಿ, ನಮ್ಮ ಲೆಕ್ಕದ ಸಡಿಲದ ಅರ್ಧದಷ್ಟಾಯಿತು. ಟ್ರಾಕ್ಟರಿನಲ್ಲಾದರೋ ಎರಕದ ಕಬ್ಬಿಣವೂ ಉಕ್ಕಿನ ಗೂಟವೂ ಹೆಚ್ಚುಕಡಮೆ ಸಮನಾಗಿ ಹಿಗ್ಗುವುದರಿಂದ ಎರಡನ್ನೂ ಕಾಯಿಸಿ ಫಲವಿಲ್ಲ. ಹೆಗ್ಗಡದೇವನಕೋಟೆಯ ಹಳ್ಳಿಗಳ ಹಿರಿಯರು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಏರಿಸುತ್ತಿದ್ದುದನ್ನು ಕಂಡಿರಬಹುದು. ಕಮ್ಮಾರನು ಪಟ್ಟಿಯನ್ನು ಮಾತ್ರ ಕಾಯಿಸುತ್ತಿದ್ದನು, ಮರದ ಚಕ್ರವನ್ನಲ್ಲ.

ಇನ್ನು ಸುತ್ತಿಗೆ. ಒಂದು ಕಿಲೋಗ್ರಾಮ್ ತೂಕದ ಸುತ್ತಿಗೆಯು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ನಿಂತರೆ ಸರಾಸರಿ ಬಲ 5,000 ನ್ಯೂಟನ್. ಸುಮಾರು 500 ಕಿಲೋಗ್ರಾಮ್ ಭಾರದಷ್ಟು. ಎರಕದ ಕಬ್ಬಿಣವು ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಉಳಿಯು ಕಿವಿಯನ್ನು ಬಗ್ಗಿಸಿದಾಗ ಒಂದು ಮೈ ಎಳೆತಕ್ಕೆ ಸಿಕ್ಕಿಯೇ ಸಿಗುತ್ತದೆ. ಮುರಿಯದಿದ್ದರೂ ನಯವಾದ ಮುಖದಲ್ಲಿ ಉಳಿಯ ಗುರುತು ಎದ್ದು, ಮತ್ತೆ ಜೋಡಿಸಿದಾಗ ಕವಚವು ಓರೆಯಾಗಿ ಕೂರಬಹುದು. ಹೊಸ ಕ್ಲಚ್ಚು ಅಕಾಲದಲ್ಲಿ ಸವೆಯಬಹುದು. ತಟ್ಟಲೇಬೇಕಾದರೆ ಮರದ ಕೊಡತಿ ಇದೆ. ಅದು ತಾಗಿ ನಿಲ್ಲುವ ಕಾಲ ದೀರ್ಘವಾದುದರಿಂದ ಬಲದ ಶಿಖರ ತಗ್ಗುತ್ತದೆ.

ಇವೆಲ್ಲಕ್ಕಿಂತ ಗುರುತರವಾದುದು ಪ್ರಾಣದ ಮಾತು. ಟ್ರಾಕ್ಟರಿನ ಮುಂದಿನ ಅಚ್ಚು ನಡುವೆ ಒಂದೇ ತಿರುಗಣೆಯ ಮೇಲೆ ತೂಗಾಡುವಂಥದು. ಹಿಂದಿನ ಭಾಗದಿಂದ ಬೇರ್ಪಟ್ಟ ಕ್ಷಣವೇ ಎಂಜಿನ್ನು ಪಕ್ಕಕ್ಕೆ ಉರುಳಬಲ್ಲದು. ಅಚ್ಚಿಗೂ ಅದರ ಮೇಲಣ ಆಧಾರಕ್ಕೂ ನಡುವೆ ಎರಡು ಕಡೆಯೂ ಮರದ ಬೆಣೆಗಳನ್ನು ಬಡಿಯದೆ, ಎರಡು ಹೋಳುಗಳಿಗೂ ಗಟ್ಟಿ ಆಸರೆ ಕೊಡದೆ ಕೊನೆಯ ಬೋಲ್ಟನ್ನು ಮುಟ್ಟಬಾರದು. ಆಸರೆಯ ಎತ್ತರ ಸರಿಯಾಗಿದ್ದರೆ ಭಾರವು ಗೂಟಗಳ ಮೇಲೆ ಬೀಳದೆ ಬಿಗಿಯೂ ಅಷ್ಟು ಕಡಮೆಯಾಗುವುದು. ಸುತ್ತಿಗೆಯ ಏಟಿಗೆ ಥಟ್ಟನೆ ಬಿಟ್ಟುಬರುವ ಕವಚದ ಕೆಳಗೆ ಯಾರ ಕಾಲಿರುತ್ತದೆಂದು ಹೇಳುವವರಾರು?

ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವ ಅನೇಕರ ಮನೆಯಲ್ಲಿಯೋ ನೆರೆಯಲ್ಲಿಯೋ ಟ್ರಾಕ್ಟರಿದೆ. ಆದರೂ ನಮ್ಮ ಪ್ರಯೋಗಶಾಲೆಗಳಲ್ಲಿ ಘರ್ಷಣೆಯೆಂದರೆ ಇಂದಿಗೂ ಮರದ ಹಲಗೆಯ ಮೇಲೆ ಜಾರುವ ಮರದ ತುಂಡು. ಪ್ರತಿಯೊಂದು ಕಾಲೇಜೂ ಒಂದು ಹಳೆಯ ಕವಚವನ್ನು ತಂದಿಟ್ಟುಕೊಳ್ಳಲಿ ಎಂಬುದು ನಮ್ಮ ಸಲಹೆ. ಖರ್ಚು ಹೆಚ್ಚಿಲ್ಲ. ನಾವು ಆ ಮುರಿದ ಕವಚವನ್ನೇ ಗುಜರಿಯ ಬೆಲೆಗೆ ಕೊಂಡು, ಎರಡು ಗೂಟಗಳಿರುವ ಉಕ್ಕಿನ ಹಲಗೆಗೆ ಜೋಡಿಸಿ ಪ್ರಯೋಗಶಾಲೆಯ ಮೂಲೆಯಲ್ಲಿ ಇಟ್ಟಿದ್ದೇವೆ. ಮೊದಲ ದಿನ ನಾಲ್ವರು ವಿದ್ಯಾರ್ಥಿಗಳು ಒಂದೇ ಬದಿಯನ್ನು ಹಿಡಿದೆಳೆದು ಸೋತರು. ಅಂಗಡಿಯ ಆ ಹುಡುಗನನ್ನೂ ಕರೆಸಿದ್ದೆವು. ಅವನು ಕವಚಕ್ಕೆ ಕೈ ಹಾಕುವ ಮುನ್ನ ಅದರ ಸುತ್ತ ಒಮ್ಮೆ ಬೆರಳಾಡಿಸಿ ಬೋಲ್ಟಿನ ರಂಧ್ರಗಳನ್ನು ಎಣಿಸಿದನು.