ಸತ್ತವನನ್ನು ಸತ್ತ ಅಂತಲೇ ಬರೆಯಿರಿ

"ಒಬ್ಬಾವ ಕುಂತು ಎಂಥಾ ಆಟ ಆಡ್ತೀಪಾ? ಆಟಕ್ಕ ಇನ್ನೊಬ್ಬರು ಬ್ಯಾಡೇನು?"

ವಿಡಿಯೋ ಕಾಲ್‌ನಲ್ಲಿ ನನ್ನ ಟೇಬಲ್ ಮೇಲಿನ ದಾಳಗಳನ್ನು ಕಂಡು ಅವ್ವ ಕೇಳಿದ ಪ್ರಶ್ನೆ ಇದು. ಅವ್ವ ಇರುವುದು ರಾಯಚೂರಿನಲ್ಲಿ, ನಾನಿರುವುದು ಹೈದರಾಬಾದಿನ ಮಿಯಾಪುರದಲ್ಲಿ. ಇದೇ ಪ್ರಶ್ನೆಯನ್ನು ಆಫೀಸಿನ ಬೆಂಗಳೂರು ಗೆಳೆಯ ಬೇರೆ ಧಾಟಿಯಲ್ಲಿ ಕೇಳುತ್ತಾನೆ: "ಮಗಾ, ಅಷ್ಟು ಬೋರ್ ಆಗ್ತಿದ್ರೆ ಫೋನ್ ಮಾಡ್ಬಾರ್ದಾ? ಗಚ್ಚಿಬೌಲಿಗೆ ಬಾ, ಎಲ್ಲರೂ ಸೇರಿ ಏನಾದ್ರೂ ಆಡೋಣ." ಅವ್ವನದು ಕಾಳಜಿ, ಗೆಳೆಯನದು ಕನಿಕರ. ಎರಡಕ್ಕೂ ಉತ್ತರ ಬಾಕಿ ಇದೆ. ಅದಕ್ಕಿಂತ ದೊಡ್ಡ ಜಗಳವೊಂದು ನನ್ನ ಹಾಗೆಯೇ ಒಬ್ಬರೇ ಕೂತು ಆಡುವವರ ಜೊತೆಗಿದೆ. ಪಾತ್ರ ಸಾಯುವ ಹೊತ್ತಿಗೆ ಸರಿಯಾಗಿ "ಇದು ಲೆಕ್ಕಕ್ಕಿಲ್ಲ" ಎಂದು ದಾಳವನ್ನು ಮತ್ತೊಮ್ಮೆ ಉರುಳಿಸುತ್ತಾರಲ್ಲ, ಅವರ ಜೊತೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ನೆಲಮಾಳಿಗೆಯಲ್ಲಿ ಹುಡುಗರು ಕೂಗಾಡುತ್ತಾ ಆಡುವ ಆಟ ನೆನಪಿರಬಹುದು. ಅದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು ಹಾಳು ಕೋಟೆ, ಗುಹೆ, ಸುರಂಗಗಳಿಗೆ ನುಗ್ಗುತ್ತಾರೆ. ಕತ್ತಿ ತಾಗಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ.

ಇವತ್ತು ಅಂಗಡಿಯಲ್ಲಿ ಸಿಗುವ ಆವೃತ್ತಿಯಲ್ಲಿ ಪಾತ್ರ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಹಳೆಯದು ಹಾಗಲ್ಲ. 1981ರ ಬೇಸಿಕ್ ಪುಸ್ತಕದ ನಿಯಮಗಳನ್ನೇ ನೋಡಿ. ಶಕ್ತಿ, ಬುದ್ಧಿ ಮುಂತಾದ ಆರು ಗುಣಗಳಿಗೂ ಮೂರು ಮೂರು ದಾಳ ಉರುಳಿಸಬೇಕು. ಬಂದದ್ದೇ ನಿಮ್ಮ ಹಣೆಬರಹ. ಹೊಸ ಮಂತ್ರವಾದಿಯ ಹಿಟ್ ಪಾಯಿಂಟ್, ಅಂದರೆ ಜೀವದ ಲೆಕ್ಕ, ನಾಲ್ಕು ಮುಖದ ಒಂದು ದಾಳದಷ್ಟು. ಗುಹೆಯೊಳಗೆ ಹತ್ತು ನಿಮಿಷಕ್ಕೆ ಒಂದು ಸರದಿ. ಪಂಜು ಉರಿಯುವುದು ಆರೇ ಸರದಿ. ಎರಡು ಸರದಿಗೊಮ್ಮೆ ದಾಳ ಹಾಕಿ 1 ಬಿದ್ದರೆ ಕತ್ತಲಲ್ಲಿ ಅಲೆಯುವ ಏನೋ ಒಂದು ಎದುರಾಗುತ್ತದೆ. ಹಿಟ್ ಪಾಯಿಂಟ್ ಸೊನ್ನೆಯಾದರೆ ಪಾತ್ರ ಸತ್ತಿತು. ಆದ್ದರಿಂದಲೇ ಬಲ್ಲವರು ಸಿಕ್ಕಸಿಕ್ಕಲ್ಲಿ ಹೊಡೆದಾಡುವುದಿಲ್ಲ. ಅಂಕ ಬರುವುದೂ ಕೊಂದದ್ದಕ್ಕಿಂತ ಹೆಚ್ಚಾಗಿ ಹೊತ್ತು ತಂದ ಚಿನ್ನಕ್ಕೆ. ಅಡಗಬೇಕು, ಓಡಬೇಕು, ಮಾತಾಡಿ ತಪ್ಪಿಸಿಕೊಳ್ಳಬೇಕು.

ಒಬ್ಬರೇ ಆಡುವಾಗ ಕಥೆ ನಡೆಸುವವರ ಜಾಗದಲ್ಲಿ ಪಟ್ಟಿಗಳು ಕೂರುತ್ತವೆ. ಬಾಗಿಲ ಆಚೆ ಏನಿದೆ? ಪಟ್ಟಿ ನೋಡಿ ದಾಳ ಹಾಕಿ. ಬೀಗ ಇದೆಯೇ? 1ರಿಂದ 3 ಬಿದ್ದರೆ ಇಲ್ಲ, 4ರಿಂದ 6 ಬಿದ್ದರೆ ಹೌದು. ಇದು ಲಾಕ್‌ಡೌನಿನಲ್ಲಿ ಹುಟ್ಟಿದ ಚಟ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. 1975ರಲ್ಲಿ ಬಂದ 'ದಿ ಸ್ಟ್ರಾಟೆಜಿಕ್ ರಿವ್ಯೂ' ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಒಬ್ಬರೇ ಆಡುವುದಕ್ಕೆ ಬೇಕಾದ ಪಟ್ಟಿಗಳನ್ನು ಗೈಗ್ಯಾಕ್ಸ್ ಕೊಟ್ಟಿದ್ದರು. 1979ರ 'ಡಂಜನ್ ಮಾಸ್ಟರ್ಸ್ ಗೈಡ್' ಪುಸ್ತಕದ ಮೊದಲ ಅನುಬಂಧದಲ್ಲಿ ಅವು ಇನ್ನಷ್ಟು ಬೆಳೆದವು. ಆಟಕ್ಕೆ ಒಂದು ವರ್ಷ ತುಂಬುವ ಹೊತ್ತಿಗೇ ಒಂಟಿ ಆಟಗಾರನಿಗೂ ಮಣೆ ಹಾಕಲಾಗಿತ್ತು.

ಇನ್ನು ಅವ್ವನ ಪ್ರಶ್ನೆ. ಆಟಕ್ಕೆ ಇನ್ನೊಬ್ಬರು ಬೇಡವೇ? ನಮ್ಮ ಹಿರಿಯರೇ ಇದಕ್ಕೆ ಎರಡು ಉತ್ತರ ಇಟ್ಟಿದ್ದಾರೆ. ಅಳಗುಳಿ ಮಣೆಯಲ್ಲಿ ಅಶೋಕವನದ ಸೀತೆ ಆಡುತ್ತಿದ್ದಳು ಎಂದು ಹೇಳುವ ಒಂಟಿ ಆಟವೊಂದಿದೆ. ಎದುರಿಗೆ ಯಾರೂ ಇಲ್ಲದೆ ಕಾಳು ಬಿತ್ತುತ್ತಾ ಹೋಗುವ ಆಟ. ಅದೇ ಮಣೆಗೆ ತುಳುನಾಡಿನಲ್ಲಿ ಚೆನ್ನೆಮಣೆ ಅನ್ನುತ್ತಾರೆ. ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಆ ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ಕೊನೆಗೆ ತಾನೂ ಬಾವಿಗೆ ಹಾರುತ್ತಾಳೆ. ಒಂದೇ ಮಣೆ. ಜೊತೆಗಾರರಿದ್ದರೆ ಆಟ ತಾನಾಗಿಯೇ ಆರೋಗ್ಯಕರ, ಒಬ್ಬರೇ ಇದ್ದರೆ ತಾನಾಗಿಯೇ ರೋಗ ಎಂದು ನಮ್ಮ ಕಥೆಗಳಂತೂ ಹೇಳುವುದಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ನೆನೆಯಿರಿ. 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತ ಕಿತ್ತುಕೊಂಡರು. ಅರಮನೆ ಉಳಿಯಿತು, ಅಧಿಕಾರ ಹೋಯಿತು. ಆ ಅರಸರು ಹೊಸ ಹೊಸ ಗಂಜೀಫಾ ಆಟಗಳನ್ನು ಕಟ್ಟಿದರು, 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ ಕೊಟ್ಟರು. ಚದುರಂಗದ ಕುದುರೆ ಪ್ರತಿ ಮನೆಯಲ್ಲೂ ಒಂದೇ ಒಂದು ಸಲ ಕಾಲಿಟ್ಟು ಇಡೀ ಹಾಸನ್ನು ಸುತ್ತಿ ಬರುವ ದಾರಿಗಳನ್ನು ಹುಡುಕಿದರು. ಆ ಕುದುರೆಯ ಓಟಕ್ಕೆ ಎದುರಾಳಿಯೇ ಇಲ್ಲ. ಅದನ್ನು ಯಾರೂ ಅರಸರ 'ಬೋರ್' ಅನ್ನುವುದಿಲ್ಲ. ಮಿಯಾಪುರದ ಬಾಡಿಗೆ ಮನೆಯವನು ಅದೇ ಕೆಲಸ ಮಾಡಿದರೆ ಮಾತ್ರ ಕನಿಕರ ಯಾಕೆ?

ಈಗ ದೊಡ್ಡ ಜಗಳಕ್ಕೆ ಬರುತ್ತೇನೆ. ಅದು ಮೊದಲು ನನ್ನ ಮೇಲಿನ ದೂರು.

ನನ್ನ ಎರಡನೆಯ ಪಾತ್ರದ ಹೆಸರು ಈರಣ್ಣ. ಕಳ್ಳ. ಹಿಟ್ ಪಾಯಿಂಟ್ 3. ಐದು ವಾರ ಅವನನ್ನು ಉಳಿಸಿಕೊಂಡಿದ್ದೆ. ಎರಡನೇ ಹಂತಕ್ಕೆ ಬೇಕಾದ 1,200 ಅಂಕಗಳಲ್ಲಿ 900 ಗಳಿಸಿದ್ದ. ಒಂದು ಶುಕ್ರವಾರ ರಾತ್ರಿ ಪೆಟ್ಟಿಗೆಯೊಂದರ ಬೀಗಕ್ಕೆ ಕೈ ಹಾಕಿದ. ವಿಷದ ಸೂಜಿ. ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಿತ್ತು. 7 ಬಿತ್ತು. ನಾನು ಒಂದು ಕ್ಷಣ ದಾಳವನ್ನೇ ನೋಡುತ್ತಾ ಕೂತೆ. ನೋಟ್‌ಬುಕ್‌ನ ಅಂಚಿಗೆ ತಾಗಿ ಉರುಳಿತು, ಸರಿಯಾಗಿ ಬೀಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಹಾಕಿದೆ. 16. ಈರಣ್ಣ ಬದುಕಿದ.

ಅವತ್ತಿನಿಂದ ಆಟ ಸತ್ತಿತು. ಮುಂದಿನ ಕೋಣೆಯಲ್ಲಿ ಜೇಡ ಬಂದರೆ ಭಯವಿಲ್ಲ, ಪಂಜು ಆರಿದರೆ ಆತಂಕವಿಲ್ಲ. ಬೇಕಾದಾಗ ಮತ್ತೆ ಹಾಕಬಹುದು ಅಂತ ಕೈಗೆ ಗೊತ್ತಾಗಿಬಿಟ್ಟಿತ್ತು. ಎರಡು ವಾರಕ್ಕೆ ನೋಟ್‌ಬುಕ್ ಮುಚ್ಚಿಟ್ಟೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅದಕ್ಕೂ ಒಂದು ವರ್ಷ ಮೊದಲು, ರಿಲೀಸ್‌ನ ಹಿಂದಿನ ದಿನ, ಒಂದು ಟೆಸ್ಟ್ ಫೇಲ್ ಆಗಿತ್ತು. ಮತ್ತೆ ಓಡಿಸಿದೆ, ಫೇಲ್. ಮೂರನೇ ಸಲ ಪಾಸ್ ಆಯಿತು. ವರದಿಯಲ್ಲಿ ಪಾಸ್ ಅಂತಲೇ ಬರೆದೆ. ಯಾರೂ ಒತ್ತಾಯ ಮಾಡಿರಲಿಲ್ಲ, ಎಲ್ಲರೂ ಮನೆಗೆ ಹೋಗುವ ಆತುರದಲ್ಲಿದ್ದರು, ನಾನೂ ಕೂಡ. ಮೂರು ವಾರದ ಮೇಲೆ ಅದೇ ದೋಷ ಗ್ರಾಹಕರ ಕಡೆ ಎದ್ದಿತು. ಮೀಟಿಂಗ್‌ನಲ್ಲಿ ಬೈಸಿಕೊಂಡವಳು ಆ ಕೋಡ್ ಬರೆದಿದ್ದ ಹೊಸ ಹುಡುಗಿ. ಮೊದಲೆರಡು ಸಲ ಫೇಲ್ ಆಗಿತ್ತು ಅಂತ ನಾನು ಬಾಯಿ ಬಿಡಲಿಲ್ಲ. ಅವತ್ತು ಸುಮ್ಮನಿದ್ದ ನಾನು ಮತ್ತು ಈರಣ್ಣನನ್ನು ಬದುಕಿಸಿದ ನಾನು ಒಬ್ಬನೇ ಮನುಷ್ಯ ಅನ್ನುವುದು ನನಗೆ ಹೊಳೆದದ್ದು ಟೇಬಲ್ ಮುಂದೆ ಕೂತಾಗ, ಆಫೀಸಿನಲ್ಲಿ ಅಲ್ಲ.

ಆಟ ನನ್ನನ್ನು ಹರಿಶ್ಚಂದ್ರ ಮಾಡಿತು ಅಂತ ಹೇಳಲಾರೆ. ಆ ಹುಡುಗಿಗೆ ನಿಜ ಹೇಳಿದೆ, ಆದರೆ ಬಹಳ ತಡವಾಗಿ. ಆಗಲೇ ಅವಳು ಬೇರೆ ಕಡೆ ಸೇರಿದ್ದಳು. "ಪರ್ವಾಗಿಲ್ಲ ಬಿಡಿ" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಾನು ಹೇಳುತ್ತಿರುವುದು ಇಷ್ಟೇ: ನಾಲ್ಕು ಜನ ಕೂತ ಟೇಬಲ್ಲಿನಲ್ಲಿ ಬಿದ್ದ 7ನ್ನು 7 ಅನ್ನುವುದು ದೊಡ್ಡದಲ್ಲ, ನೋಡುವ ಕಣ್ಣು ಆರಿವೆ. ಒಬ್ಬರೇ ಕೂತಾಗ ಅನ್ನುವುದು ಬೇರೆ. ಅಲ್ಲಿ ಮೆಚ್ಚುವವರಿಲ್ಲ, ಹಿಡಿಯುವವರಿಲ್ಲ, ಪ್ರಮೋಷನ್ ಇಲ್ಲ. ಅದಕ್ಕೇ ಒಂಟಿ ಆಟಕ್ಕೆ ಹಳೆಯ, ಕೊಲ್ಲುವ ನಿಯಮಗಳೇ ಬೇಕು ಅನ್ನುವುದು ನನ್ನ ವಾದ. ಮೆತ್ತನೆಯ ನಿಯಮಗಳಲ್ಲಿ ನಾವು ಮೋಸ ಮಾಡುವ ಸಂದರ್ಭವೇ ಬರುವುದಿಲ್ಲ, ಆದ್ದರಿಂದ ಮೋಸ ಮಾಡದೆ ಇರುವ ಸಂದರ್ಭವೂ ಬರುವುದಿಲ್ಲ.

"ಆದರೆ ಪಾತ್ರ ಸತ್ತರೆ ಕಥೆ ನಿಂತುಹೋಗುತ್ತದಲ್ಲ" ಅನ್ನುತ್ತಾರೆ ದಾಳ ಮತ್ತೆ ಹಾಕುವವರು. ಕಥೆಯೇ ಬೇಕಿದ್ದರೆ ಕಥೆ ಬರೆಯಿರಿ. ದಾಳ ಯಾಕೆ ಮುಟ್ಟುತ್ತೀರಿ? ನಮ್ಮ ಅಜ್ಜಿ ಚೌಕಾಬಾರ ಆಡಿಸುತ್ತಿದ್ದಳು. ಇಲ್ಲಿನ ತೆಲುಗು ಗೆಳೆಯರು ಅದನ್ನೇ ಅಷ್ಟಾ ಚಮ್ಮಾ ಅನ್ನುತ್ತಾರೆ. ಮೊಮ್ಮಗನ ಕಾಯಿ ಹಣ್ಣಾಗುವ ಹೊತ್ತಿಗೆ ಹೊಡೆಯುವುದಕ್ಕೆ ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ನಾನು ಅತ್ತರೆ "ಬಿದ್ದ ಗರ ಬಿದ್ದಂಗ" ಅಂತ ಕವಡೆ ಕೈಗಿಡುತ್ತಿದ್ದಳು. ಮತ್ತೆ ಮೊದಲ ಮನೆಯಿಂದ. ಆ ಆಟಗಳಲ್ಲಿ ಇವತ್ತಿಗೂ ನೆನಪಿರುವುದು ಗೆದ್ದ ಕಾಯಿಗಳಲ್ಲ, ಸತ್ತ ಕಾಯಿಗಳು.

ದಾಳ ಅಂದ ಕೂಡಲೇ ಧರ್ಮರಾಯನ ಹೆಸರು ಎತ್ತುವವರಿದ್ದಾರೆ. ಎತ್ತಲಿ. ಮೊದಲ ದ್ಯೂತದಲ್ಲಿ ಸೋತದ್ದನ್ನೆಲ್ಲ ಧೃತರಾಷ್ಟ್ರ ವಾಪಸ್ ಕೊಟ್ಟಿದ್ದ. ಪಾಂಡವರನ್ನು ಕಾಡಿಗೆ ಅಟ್ಟಿದ್ದು ಎರಡನೇ ಆಟ, 'ಇನ್ನೊಂದೇ ಸಲ' ಅನ್ನುವ ಆಟ. ಜೊತೆಗೆ, ಧರ್ಮರಾಯ ಪಣಕ್ಕಿಟ್ಟದ್ದು ತಮ್ಮಂದಿರನ್ನು, ಹೆಂಡತಿಯನ್ನು. ನಾನು ಪಣಕ್ಕಿಡುವುದು ಒಂದು ಹಾಳೆ ಮತ್ತು ನನ್ನ ಐದು ಶುಕ್ರವಾರಗಳು.

ನಮ್ಮ ಫೋನುಗಳಲ್ಲಿ ಇರುವ ಪಣ ಯಾವುದು ನೋಡಿ. ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ತೆಲಂಗಾಣ 2017ರಲ್ಲೇ ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೂ ಹಣದ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ತಂದಿತು. ಕಾನೂನು ಮುಟ್ಟದ ಉಳಿದ ಗೇಮುಗಳಲ್ಲಿ ಸಾವೇ ಮಾರಾಟದ ಸರಕು: ಸತ್ತಿರಿ, ಜಾಹೀರಾತು ನೋಡಿ ಎದ್ದೇಳಿ, ಮತ್ತೆ ಸತ್ತಿರಿ, ದುಡ್ಡು ಕಟ್ಟಿ ಎದ್ದೇಳಿ. ಈಗೀಗ ಕಥೆ ನಡೆಸುವ ಕೆಲಸವನ್ನು ಚಾಟ್‌ಬಾಟ್‌ಗೆ ಒಪ್ಪಿಸುವವರೂ ಇದ್ದಾರೆ. ನಾನೂ ಒಂದು ವಾರ ಒಪ್ಪಿಸಿ ನೋಡಿದೆ. ಕಮರಿಗೆ ಹಾರಿದರೆ ಬಳ್ಳಿ ಸಿಕ್ಕಿತು ಅಂದಿತು, ವಿಷ ಕುಡಿದರೆ ತಲೆ ಸುತ್ತಿತು ಅಂದಿತು. ನನ್ನನ್ನು ಮೆಚ್ಚಿಸಲು ಕೂತ ಜೊತೆಗಾರ ಅದು. ಪ್ಲಾಸ್ಟಿಕ್ ದಾಳಕ್ಕೆ ನನ್ನನ್ನು ಮೆಚ್ಚಿಸುವ ಹಂಗಿಲ್ಲ.

ಗೆಳೆಯನ ಮಾತಿನಲ್ಲಿ ಒಂದು ನಿಜವನ್ನು ಒಪ್ಪಲೇಬೇಕು. ಪಟ್ಟಿಗಳು ಎಷ್ಟೇ ಚೆನ್ನಾಗಿದ್ದರೂ ಎದುರಿಗೆ ಕೂತವನ ತಲೆಯಿಂದ ಬರುವ ತರಲೆ ಅವುಗಳಿಗೆ ಬರುವುದಿಲ್ಲ. ಒಬ್ಬರೇ ಆಡುವಾಗ ನಗು ಕಡಿಮೆ. ಊರು ಬಿಟ್ಟು ಬಂದವರ ಒಂಟಿತನಕ್ಕೆ ಇದು ಮದ್ದೂ ಅಲ್ಲ. ಅದಕ್ಕೆ ಮನುಷ್ಯರೇ ಬೇಕು. ನಾನೂ ಗಚ್ಚಿಬೌಲಿಗೆ ಹೋಗುತ್ತೇನೆ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೂ ಹೋಗುತ್ತೇನೆ. ಆದರೆ ವಾರವಿಡೀ ಯಾರದೋ ಸ್ಕ್ರೀನಿನಲ್ಲಿ ಹಸಿರು ಚುಕ್ಕೆಯಾಗಿ ಹೊಳೆಯುವವನಿಗೆ ಯಾರಿಗೂ ವರದಿ ಒಪ್ಪಿಸಬೇಕಿಲ್ಲದ ಎರಡು ಗಂಟೆ ಬೇಕು. ಆ ಎರಡು ಗಂಟೆಯಲ್ಲೂ ಸುಳ್ಳು ಬರೆದರೆ ಉಳಿಯುವುದು ಏನು?

ಆಡಿ ನೋಡಬೇಕು ಅನ್ನಿಸಿದರೆ ಖರ್ಚಿನ ನೆಪ ಹೇಳಬೇಡಿ. ಹಳೆಯ ನಿಯಮಗಳ ದಾರಿಯಲ್ಲೇ ಬರೆದ 'ಬೇಸಿಕ್ ಫ್ಯಾಂಟಸಿ'ಯ ಪಿಡಿಎಫ್ ಪೂರ್ತಿ ಉಚಿತ. ಬಗೆಬಗೆಯ ದಾಳ ಇಲ್ಲದಿದ್ದರೆ 1ರಿಂದ 20ರವರೆಗೆ ಚೀಟಿ ಬರೆದು ಸ್ಟೀಲ್ ಲೋಟಕ್ಕೆ ಹಾಕಿ ಎತ್ತಿ. 1970ರ ದಶಕದ ಕೊನೆಯಲ್ಲಿ ದಾಳಗಳ ಕೊರತೆಯಾದಾಗ ಕಂಪನಿಯೇ ಆಟದ ಪೆಟ್ಟಿಗೆಯಲ್ಲಿ ಅಂಕಿಯ ಚೀಟಿ ಇಟ್ಟು ಮಾರಿತ್ತು. ಒಂದು ನೋಟ್‌ಬುಕ್, ಒಂದು ಪೆನ್. ಪೆನ್ಸಿಲ್ ಬೇಡ.

ನನ್ನ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಸತ್ತವರ ಪಟ್ಟಿ ಇದೆ. ಈರಣ್ಣನ ಹೆಸರನ್ನು ಆಮೇಲೆ ಅಲ್ಲಿ ಬರೆದೆ: ವಿಷದ ಸೂಜಿ, ಮೂರನೇ ಕೋಣೆ, ಬಿದ್ದದ್ದು 7. ಈಗ ಹನ್ನೊಂದು ಹೆಸರುಗಳಿವೆ. ಹನ್ನೆರಡನೆಯವಳು ದುರ್ಗವ್ವ, ಹಿಟ್ ಪಾಯಿಂಟ್ 2, ಪಂಜು ಇನ್ನು ಎರಡು ಸರದಿ ಉರಿಯುತ್ತದೆ, ಹೊರಬಾಗಿಲಿಗೆ ಮೂರು ಸರದಿಯ ದಾರಿ. ನಾಳೆ ಶುಕ್ರವಾರ. ಏನಾಯಿತು ಅಂತ ಅವ್ವ ಕೇಳಿದರೆ ಬಿದ್ದದ್ದನ್ನೇ ಹೇಳುತ್ತೇನೆ.