ಹೊಂಗೆ ಮರದ ಕೊರಳಿಗೆ ಸೀರಿಯಲ್ ಸೆಟ್

ನಮ್ಮ ಬೀದಿಯ ತಿರುವಿನಲ್ಲಿರುವ ಹೊಂಗೆ ಮರಕ್ಕೆ ಸೀರಿಯಲ್ ಸೆಟ್ ಸುತ್ತಿ ಎರಡು ವರ್ಷವಾಯಿತು. ಗೃಹಪ್ರವೇಶಕ್ಕೆಂದು ಸುತ್ತಿದ್ದು. ಪುರೋಹಿತರು ದಕ್ಷಿಣೆ ತೆಗೆದುಕೊಂಡು ಹೋದರು, ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದರು, ಅಡುಗೆಯವರು ಕೊಳದಪ್ಪಲೆ ತೊಳೆದು ಹೇರಿಕೊಂಡು ಹೋದರು. ಮರಕ್ಕೆ ಸುತ್ತಿದ ವೈರು ಮಾತ್ರ ಹಾಗೇ ಉಳಿಯಿತು. ಅದು ಜಾರದಿರಲೆಂದು ಹೊಡೆದ ಮೊಳೆಗಳೂ ಉಳಿದವು. ಮರ ವರ್ಷವರ್ಷವೂ ದಪ್ಪವಾಗುತ್ತದಲ್ಲ, ಈಗ ತೊಗಟೆ ಉಬ್ಬಿ ವೈರನ್ನು ನುಂಗಲು ಶುರುಮಾಡಿದೆ. ಎಲೆ ಬೇಯಿಸಿದ ಅನ್ನ ಬೇರಿಗೆ ಇಳಿಯುವುದು ಆ ತೊಗಟೆಯ ಒಳಪದರದಲ್ಲೇ. ಅಲ್ಲಿಗೇ ಗೇಣಿಗೊಂದು ಉರುಳು.

ಬಿಚ್ಚಿಸಿ ಎಂದು ಕೇಳಲು ಹೋದೆ. ಆ ಮನೆಯ ಹುಡುಗ ನಕ್ಕ. "ಇರಲಿ ಬಿಡಿ ಅಂಕಲ್, ರಾತ್ರಿ ಹೊತ್ತು ರೆಸಾರ್ಟ್ ಥರ ಕಾಣುತ್ತೆ."

ರೆಸಾರ್ಟಂತೆ! ಯಲಹಂಕದಿಂದ ಹೆಬ್ಬಾಳದವರೆಗೆ, ಸಹಕಾರನಗರದಿಂದ ಆರ್.ಟಿ. ನಗರದವರೆಗೆ ಹಬ್ಬಿರುವ ರೋಗ ಇದು. ಮೂವತ್ತು ನಲವತ್ತರ ಸೈಟಿನಲ್ಲಿ ಮುಂದುಗಡೆ ಉಳಿದ ಆರಡಿ ಮಣ್ಣಿಗೆ ಗಾರ್ಡನ್ ಎಂದು ಹೆಸರು. ಆ ಆರಡಿಗೆ ಮೇಲಿಂದ ಎರಡು ಫ್ಲಡ್ ಲೈಟು, ಕಾಂಪೌಂಡಿನ ಮೇಲೆ ಉಂಡೆ ದೀಪಗಳ ಸಾಲು, ಕೆಳಗಿಂದ ಎಲೆಗಳ ಮುಖಕ್ಕೇ ಹೊಡೆಯುವ ಹಸಿರು ದೀಪ. ಇರುವ ಎಲೆಯೇ ಹಸಿರು, ಅದಕ್ಕೆ ಇನ್ನೊಂದು ಹಸಿರು ಬಳಿಯಬೇಕೆಂದು ಯಾರಿಗೆ ಹೊಳೆಯಿತೋ ಕಾಣೆ.

ಬಳ್ಳಾರಿ ರಸ್ತೆ ಹಿಡಿದು ರಾತ್ರಿ ಚಿಕ್ಕಬಳ್ಳಾಪುರದ ಕಡೆ ಒಮ್ಮೆ ಹೋಗಿ ಬನ್ನಿ. ಸೇವಂತಿಗೆ ಹೊಲಗಳಲ್ಲಿ ಸಾಲುಸಾಲು ಬಲ್ಬು ಉರಿಯುತ್ತಿರುತ್ತವೆ. ಅದು ಶೋಕಿಯ ಬೆಳಕಲ್ಲ. ರಾತ್ರಿ ಉದ್ದವಾದಾಗ ಮಾತ್ರ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಗಿಡ ಎತ್ತರ ಬೆಳೆಯುವ ಮೊದಲೇ ಹೂಬಿಟ್ಟರೆ ನಷ್ಟ, ಅದಕ್ಕೇ ರೈತ ರಾತ್ರಿಗೆ ಬೆಳಕು ತೋರಿಸಿ ಗಿಡವನ್ನು ತಡೆಹಿಡಿಯುತ್ತಾನೆ. ಸಾಕೆನಿಸಿದ ದಿನ ಬಲ್ಬು ಆರಿಸುತ್ತಾನೆ, ಮೊಗ್ಗು ಬರುತ್ತದೆ. ಬೆಳಕು ಗಿಡವನ್ನು ಏನು ಮಾಡುತ್ತದೆ ಎಂಬುದು ಆ ರೈತನಿಗೆ ಲೆಕ್ಕವಿಟ್ಟಂತೆ ಗೊತ್ತು. ನೀವು ವರ್ಷವಿಡೀ ದೀಪ ಉರಿಸಿ, ಕುಂಡದ ಸೇವಂತಿಗೆ ಯಾಕೋ ಹೂಬಿಡಲಿಲ್ಲ ಎಂದು ನರ್ಸರಿಯವನ ಮೇಲೆ ಹರಿಹಾಯುತ್ತೀರಿ.

ಹೂವಿನ ಮಾತು ಬಂತು, ಹುಳುವಿನದೂ ಆಗಿಬಿಡಲಿ. ರಾತ್ರಿರಾಣಿ, ಪಾರಿಜಾತ, ಆಕಾಶಮಲ್ಲಿಗೆ ಎಲ್ಲ ಕತ್ತಲಾದ ಮೇಲೆ ಅರಳುವುದು ಇರುಳಿನ ಪತಂಗಗಳನ್ನು ನಂಬಿಕೊಂಡು. ಆ ಪತಂಗ ನಿಮ್ಮ ಗೇಟಿನ ದೀಪವನ್ನು ಸುತ್ತಿ ಸುತ್ತಿ, ಬೆಳಗಾಗುವಷ್ಟರಲ್ಲಿ ಹಲ್ಲಿಗೆ ಊಟವಾಗಿರುತ್ತದೆ. ಅದು ದೀಪಕ್ಕೆ ಮೋಹಗೊಂಡು ಬರುತ್ತದೆ ಎಂದು ನಮ್ಮ ಕವಿಗಳು ಹೇಳಿಕೊಂಡು ಬಂದದ್ದು ಬರೀ ಅಪವಾದ. 2024ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ವೇಗದ ಕ್ಯಾಮೆರಾದಲ್ಲಿ ಹಾರಾಟ ಹಿಡಿದು, ನಡೆಯುವುದೇನೆಂದು ತೋರಿಸಿತು. ಹಾರುವ ಹುಳು ತನ್ನ ಬೆನ್ನನ್ನು ಬೆಳಕಿನ ಕಡೆಗೆ ಮಾಡಿಕೊಳ್ಳುತ್ತದೆ. ಕೋಟಿ ವರ್ಷಗಳಿಂದ ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ಬೆಳಗಿತ್ತು, ಬೆಳಕಿದ್ದ ಕಡೆಯೇ ಮೇಲು. ಈಗ ನೀವು ಮೂರಡಿ ಎತ್ತರದಲ್ಲೊಂದು ಸುಳ್ಳು ಆಕಾಶ ನೆಟ್ಟಿದ್ದೀರಿ. ಪಾಪದ ಜೀವ ಮೇಲು ಕೆಳಗು ತಿಳಿಯದೆ ಅಲ್ಲೇ ಗಿರಕಿ ಹೊಡೆಯುತ್ತದೆ. ಮಿಂಚುಹುಳದ್ದು ಇನ್ನೂ ಕಷ್ಟ. ಅದರ ಬೆಳಕೇ ಅದರ ಮಾತು, ಅದರ ಮದುವೆಯ ಓಲೆ. ಫ್ಲಡ್ ಲೈಟಿನಡಿ ಅದನ್ನು ಓದುವವರು ಯಾರು?

ಇನ್ನು ಕಾಡುಪಾಪ. ಹೆಸರು ಕೇಳಿದ್ದೀರಾ? ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ನೋಡಿರಲಿಕ್ಕಿಲ್ಲ. ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳಲ್ಲೂ ಅದು ಇದೆ. ಬೊಗಸೆಯಲ್ಲಿ ಹಿಡಿಯುವಷ್ಟು ದೇಹ, ಮುಖದ ತುಂಬ ಕಣ್ಣು. ಹುಲಿಗೆ ಕೊಟ್ಟ ರಕ್ಷಣೆಯನ್ನೇ, ಒಂದನೇ ಅನುಸೂಚಿಯ ರಕ್ಷಣೆಯನ್ನೇ, ವನ್ಯಜೀವಿ ಕಾಯ್ದೆ ಈ ಪುಟ್ಟ ಪ್ರಾಣಿಗೂ ಕೊಟ್ಟಿದೆ. ಕತ್ತಲಾದ ಮೇಲೆ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಕೈ ಇಡುತ್ತ, ಹುಳುಹುಪ್ಪಟೆ ಹಿಡಿದು ತಿನ್ನುತ್ತದೆ. ಮಸುಕಿನಲ್ಲಿ ನೋಡಲೆಂದೇ ಆದ ಆ ಕಣ್ಣಿಗೆ ನೂರು ವಾಟಿನ ದೀಪ ತಿರುಗಿಸಿದರೆ ಹೇಗಿರಬೇಕು? ನಮ್ಮ ಕಣ್ಣಿಗೆ ಎದುರಿನ ಕಾರು ಹೈಬೀಮ್ ಹಾಕಿದರೆ ಒಂದು ನಿಮಿಷ ತಡೆಯುವುದಿಲ್ಲ, ಅವನ ತಾಯಿ ತಂದೆಯನ್ನೆಲ್ಲ ನೆನೆಯುತ್ತೇವೆ.

ತಮಾಷೆ ಎಂದರೆ, ಇದೇ ಜನ ಮರಕ್ಕಾಗಿ ಬೀದಿಗೆ ಇಳಿದವರು. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ, 812 ಮರ ಹೋಗುತ್ತವೆ ಎಂದಾಗ ಸಾವಿರಾರು ಮಂದಿ ಕೈಕೈ ಹಿಡಿದು ಸಾಲು ನಿಂತೆವು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅಂದು ಮುಖ್ಯಮಂತ್ರಿಗೆ ಬೈದ ಬಾಯಿಗಳೇ ಇಂದು ಎಲೆಕ್ಟ್ರಿಷಿಯನ್‌ಗೆ ಹೇಳುತ್ತಿವೆ: ಇನ್ನೊಂದು ಮೊಳೆ ಹೊಡಿ, ವೈರು ಜೋತುಬೀಳ್ತಿದೆ. ಕೊಡಲಿ ಹಿಡಿದವನಾದರೆ ಕಣ್ಣಿಗೆ ಕಾಣುತ್ತಾನೆ, ಅಡ್ಡ ನಿಲ್ಲಬಹುದು. ಸ್ವಿಚ್ಚು ಒತ್ತುವವನಿಗೆ ಅಡ್ಡ ನಿಲ್ಲುವುದು ಎಲ್ಲಿ?

ಪಾಲಿಕೆಯೂ ಹಿಂದೆ ಬಿದ್ದಿಲ್ಲ. ಕೆರೆ ಅಭಿವೃದ್ಧಿ ಎಂದರೆ ಅವರಿಗೆ ಏರಿಯ ಮೇಲೆ ಟೈಲ್ಸು, ಟೈಲ್ಸಿನ ಪಕ್ಕ ದೀಪದ ಕಂಬ. ಜಕ್ಕೂರು, ರಾಚೇನಹಳ್ಳಿ, ಯಲಹಂಕ, ಪುಟ್ಟೇನಹಳ್ಳಿ ಕೆರೆಗಳಲ್ಲಿ ರಾತ್ರಿ ತಂಗುವ ಹಕ್ಕಿಗಳಿವೆ. ರಾತ್ರಿಯೇ ಮೀನು ಹಿಡಿಯುವ ಬಕವೂ ಇದೆ. ಅವುಗಳಿಗೆ ವಾಕಿಂಗ್ ಪಾತ್ ಬೇಕೆಂದು ಅರ್ಜಿ ಕೊಟ್ಟವರು ಯಾರೂ ಇಲ್ಲ.

ನಾನೂ ದೀಪ ಕೊಳ್ಳಲು ಹೋದವನೇ. ಅಂಗಡಿಯವರು ಡಬ್ಬಿಯ ಮೇಲೆ ಡಬ್ಬಿ ಇಟ್ಟು, "ಡೇಲೈಟ್ ತಗೊಳ್ಳಿ ಸಾರ್, ಪಳಪಳ ಅನ್ನುತ್ತೆ. ವಾರ್ಮ್ ಮಂಕು, ಹಳೇಕಾಲದ್ದು" ಎಂದರು. ಡಬ್ಬಿ ತಿರುಗಿಸಿ ನೋಡಿದರೆ 6500 ಕೆಲ್ವಿನ್. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ದೀಪ, ಮೇಲೊಂದು ಹಳದಿ ಲೇಪ. ಈ ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಬಂತು. ಕರೆಂಟು ಉಳಿಯಿತು, ಒಪ್ಪುತ್ತೇನೆ. ಆದರೆ ಕೆಲ್ವಿನ್ ಏರಿದಷ್ಟೂ ಆ ನೀಲಿ ಹೆಚ್ಚು, ಮತ್ತು ಗಾಳಿಯಲ್ಲಿ ಹೆಚ್ಚು ಚದುರುವುದೂ ನೀಲಿಯೇ. ಹಗಲಲ್ಲಿ ಆಕಾಶ ನೀಲಿ ಕಾಣುವುದೂ ಹಾಗೆಯೇ. ಆ ಪಳಪಳದಲ್ಲಿ ಅರ್ಧ ನಿಮ್ಮ ಹುಲ್ಲಿಗೂ ಬೀಳುವುದಿಲ್ಲ, ನಕ್ಷತ್ರಗಳ ಮುಖಕ್ಕೆ ಮಸಿ ಬಳಿಯುತ್ತದೆ. ಭಾರತೀಯ ಖಭೌತ ಸಂಸ್ಥೆಯ ಮನೆ ಈ ಊರು. ಅದರ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕುಳಿತು ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಡೆಸುತ್ತಾರೆ. ಅಲ್ಲಿನ ಹಳ್ಳಿಯವರು ದೀಪಕ್ಕೆ ಮರೆ ಕಟ್ಟಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು ಕತ್ತಲನ್ನು ಕಾಪಾಡುತ್ತಿದ್ದಾರೆ. ನಮ್ಮ ಪಾಲಿನ ಆಕಾಶವನ್ನು ನೋಡಿಕೊಳ್ಳುತ್ತಿರುವವರು ಆ ಹಳ್ಳಿಗರು.

ಬೆಳಕಿನ ವೈರಿ ಎಂದು ನನ್ನನ್ನು ಹಂಗಿಸಬೇಡಿ. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹೊತ್ತಿಸಿದ ಊರಿನವನು ನಾನು, ಅದರ ಹೆಮ್ಮೆ ನನಗೂ ಇದೆ. ಕಳ್ಳರ ಮಾತನ್ನೂ ತೆಗೆಯಬೇಡಿ. ಕಣ್ಣು ಕುಕ್ಕುವ ದೀಪದ ಹಿಂದೆ ನಿಂತವನು ನಿಮಗೆ ಕಾಣುವುದೇ ಇಲ್ಲ. ಬೀಗ ಎಲ್ಲಿದೆ ಎಂದು ಅವನಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ದೀಪ ಬೇಡವೇ? ಮೆಟ್ಟಿಲಿಗೆ ಬೇಕು, ಅಜ್ಜಿ ಎಡವಬಾರದು. ಮೊಣಕಾಲೆತ್ತರದ, ತಲೆಗೆ ಟೋಪಿ ಇರುವ, ಬೆಳಕು ನೆಲಕ್ಕೆ ಮಾತ್ರ ಬೀಳುವ ದೀಪ ತನ್ನಿ. ಡಬ್ಬಿಯ ಮೇಲೆ 2700 ಎಂದಿರಲಿ, ಹೆಚ್ಚೆಂದರೆ 3000. ಯಾರಾದರೂ ಬಂದರೆ ಹೊತ್ತಿ, ಹೋದರೆ ಆರುವ ಸೆನ್ಸರ್ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಗಿಡಕ್ಕೆ, ಮರಕ್ಕೆ, ಆಕಾಶಕ್ಕೆ ದೀಪ ಬೇಡ. ಅವು ಕೇಳಿಲ್ಲ.

ಆ ಹೊಂಗೆ ಮರದ ವಿಷಯ ಮಾತ್ರ ಇನ್ನು ತಡೆಯಲಾರೆ. ಏಣಿ ನನ್ನ ಹತ್ತಿರ ಇದೆ, ಕಟಿಂಗ್ ಪ್ಲೈಯರೂ ಇದೆ. ತೊಗಟೆ ನುಂಗಿದ ಕಡೆ ವೈರನ್ನು ಎಳೆದರೆ ಮರಕ್ಕೆ ಗಾಯ, ಅಲ್ಲಲ್ಲೇ ಕತ್ತರಿಸಿ ಬಿಡಬೇಕು. ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತೇನೆ. ಸ್ವಿಚ್ಚು ಮಾತ್ರ ನೀವೇ ಆರಿಸಿಡಿ.