ಬಿದ್ದ ಹಸುವಿಗೆ ಮಗ್ಗುಲು ಬದಲಿಸುವವರು ಯಾರು?

ಹಸು ಬಿದ್ದು ಏಳದಿದ್ದರೆ ನಮ್ಮದು ಒಂದೇ ಮಾತು: "ವಯಸ್ಸಾಯ್ತು ಬಿಡಿ". ಪುಣಜನೂರಿನ ಕೊಟ್ಟಿಗೆಯೊಂದರಲ್ಲಿ ಮೊನ್ನೆಯೂ ಅದನ್ನೇ ಕೇಳಿದೆ. ಸೊಂಟದ ಮೂಳೆಯ ಮೇಲೆ ಅಂಗೈಯಗಲ ಹುಣ್ಣು, ಕೆಳಗೆ ಗಂಜಲದಲ್ಲಿ ನೆಂದ ಸಿಮೆಂಟು ನೆಲ.

ಸ್ವಾಮಿ, ಅದು ವಯಸ್ಸಿನ ಹುಣ್ಣಲ್ಲ, ಒತ್ತಡದ ಹುಣ್ಣು. ಮೂಳೆಗೂ ನೆಲಕ್ಕೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ಮೊದಲ ಮದ್ದು ದಪ್ಪನೆಯ ಒಣಹುಲ್ಲಿನ ಹಾಸು, ಮೂರ್ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಹುಣ್ಣನ್ನು ಕುದಿಸಿ ಆರಿಸಿದ ಉಪ್ಪುನೀರಲ್ಲಿ (ಲೀಟರಿಗೆ 9 ಗ್ರಾಂ ಉಪ್ಪು) ತೊಳೆದು, ಡಾಕ್ಟರು ಹೇಳಿದ ಮುಲಾಮು ಹಚ್ಚಿ, ನೊಣ ಕೂರದಂತೆ ಮುಚ್ಚಬೇಕು. ಸೀಮೆಎಣ್ಣೆ, ಫಿನಾಯಿಲ್ ಸುರಿದರೆ ಚೆನ್ನಾಗಿರುವ ಮಾಂಸವೂ ಸುಡುತ್ತದೆ. 1962ಕ್ಕೆ ಫೋನ್ ಮಾಡಿದರೆ ಡಾಕ್ಟರು ಬಂದಾರು. ರಾತ್ರಿ ಎರಡು ಗಂಟೆಗೆ ಹಸು ಹೊರಳಿಸಲು ಬರುತ್ತಾರೆಯೇ?

2021ರಲ್ಲಿ ಗೋಹತ್ಯೆ ನಿಷೇಧ ಕಾಯ್ದೆ ಜಾರಿಗೆ ಬಂದಾಗ ಪರ-ವಿರೋಧ ಎಷ್ಟೊಂದು ಬರೆದೆವು! ಬಿದ್ದ ಹಸುವಿನ ಬಗ್ಗೆ ನಾನಂತೂ ಒಂದು ಸಾಲೂ ಬರೆಯಲಿಲ್ಲ. ಕೊಲ್ಲಬೇಡಿ ಅಂದಷ್ಟಕ್ಕೇ ಕರುಣೆ ಮುಗಿಯಿತೇ? ಹಸು ಹೊರಳಿಸಲು ಮನೆಯ ಹೆಂಗಸೊಬ್ಬಳಿಂದ ಆಗದು, ನಾಲ್ಕು ಜನ ಬೇಕು. ಗೋಪೂಜೆಗೆ ಸೇರುವ ಬೀದಿ ಇದಕ್ಕೂ ಸೇರಲಿ. ಏನಂತೀರಿ?